ಐಲೆಟ್ ಪ್ರೆಸ್ಸಿನ ಹಿಡಿಕಿ ಆರಿಸೋದು ಹೆಂಗ?

ಬ್ಯಾಡಗಿ ಮೆಣಸಿನಕಾಯಿ ಸೀಸನ್ ಬಂತಂದ್ರ ತಾಡಪತ್ರಿ ಹೊಲಿಯೋರಿಗೆ ಪುರುಸೊತ್ತಿಲ್ಲ, ಗಣಪತಿ ಹಬ್ಬ ಬಂತಂದ್ರ ಹುಬ್ಬಳ್ಳಿ ಫ್ಲೆಕ್ಸ್ ಅಂಗಡಿಯವ್ರಿಗೆ ಪುರುಸೊತ್ತಿಲ್ಲ. ಇಬ್ಬರಿಗೂ ಕಡೀಕ ಉಳಿಯೋ ಕೆಲಸ ಒಂದ, ಅಂಚಿನುದ್ದಕ್ಕೂ ಐಲೆಟ್, ಅಂದ್ರ ಹಗ್ಗ ಪೋಣಿಸೋ ತೂತಿನ ಲೋಹದ ಬಳಿ, ಒತ್ತೋದು. ಕೈ ಪ್ರೆಸ್ ತಗೊಳ್ಳುವಾಗ ಮಂದಿ ಡೈ (ಐಲೆಟ್ ಒತ್ತೋ ಅಚ್ಚು) ನೋಡ್ತಾರ, ಬಾಡಿ ಬೀಡಿಂದೋ ಉಕ್ಕಿಂದೋ ಅಂತ ಬಡದು ನೋಡ್ತಾರ, ರೇಟ್ ಜಗ್ಗಾಡ್ತಾರ, ಹಿಡಿಕಿ ಮಾತ್ರ ಕಂಪನಿ ಕೊಟ್ಟದ್ದ ಸೈ ಅಂತ ಬಿಟ್ಟಬಿಡ್ತಾರ. ಆಮ್ಯಾಲೆ ಮಣಿಕಟ್ಟು ನೋವಂತ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಕೂಡೋದು.

ಮೊದಲ ಮಾಡಬೇಕಾದ್ದು ಖರೀದಿ ಅಲ್ಲ. ಡೈ ನಡಕ ಏನೂ ಇಡದ ಖಾಲಿ ಲಿವರ್ ನಿಧಾನಕ ಮ್ಯಾಲಿಂದ ಕೆಳಗ ಎಳೀರಿ, ಎಳೆಯುವಾಗ ಲಿವರ್ ಬಿಟ್ಟು ನಿಮ್ಮ ಮಣಿಕಟ್ಟು ನೋಡ್ರಿ. ಲಿವರ್ ನೆಟ್ಟಗ ಬರಂಗಿಲ್ಲ, ಕಮಾನಿನಂಗ ತಿರುಗಿ ಬರ್ತೈತಿ. ನೀವು ಬರೇ ಪೈಪನ್ನ ಸುತ್ತಿಗಿ ಹಿಡಿದಂಗ ಮುಷ್ಟಿ ಕಟ್ಟಿ ಹಿಡಿದಿದ್ರ ಆ ತಿರುವೆಲ್ಲಾ ಮಣಿಕಟ್ಟಿನ ಮ್ಯಾಲೆ ಬೀಳ್ತೈತಿ. ಮೆತ್ತನ್ನ ರಬ್ಬರ್ ಸುತ್ತಿದ್ರೂ ಅಷ್ಟ, ಅಂಗೈ ಉರಿ ಕಡಿಮಿ ಆಗಬಹುದು, ಮಣಿಕಟ್ಟಿನ ತಿರುವು ಹಂಗ ಉಳೀತೈತಿ. ಸೈಕಲ್ ಗ್ರಿಪ್ ಹಾಕೋರು ಭಾಳ ಮಂದಿ ಅದಾರ, ಸೈಕಲ್ ಹ್ಯಾಂಡಲ್ ಪೈಪ್ 22 ಎಂಎಂ ಇರೋದ್ರಿಂದ ಅದು ಆ ಸೈಜಿನ ಲಿವರಿಗೆ ಚಲೋ ಕೂಡ್ತೈತಿ, ಆದ್ರ ಈ ಸಮಸ್ಯೆಗೆ ಅದು ಔಷಧ ಅಲ್ಲ.

ಹಂಗಾಗಿ ಇರೋ ದಾರಿ ಎರಡು. ಒಂದು, ತುದಿಗೆ ಗುಂಡು. 40ರಿಂದ 50 ಎಂಎಂ ಗುಂಡಿನ ಮ್ಯಾಲೆ ಅಂಗೈ ತಾನ ಜಾರಿಕೊಂಡು ತಿರುಗ್ತೈತಿ, ಎಡಗೈ ಬಲಗೈ ಬದಲಿ ಮಾಡಬಹುದು, ಬ್ಯಾನರಿನಂಥ ತೆಳು ಮಾಲಿಗೆ ಇದ ಸಾಕು. ದಪ್ಪ ತಾಡಪತ್ರಿ ಎರಡು ಮಡಿಕಿ ಮಾಡಿ ದೊಡ್ಡ ಹಿತ್ತಾಳಿ ಐಲೆಟ್ ಒತ್ತೋರಿಗೆ ಮಾತ್ರ ನಾ ಗುಂಡು ಬ್ಯಾಡ ಅಂತೀನಿ, ಯಾಕಂದ್ರ ಜೋರೆಲ್ಲಾ ಅಂಗೈ ನಡುವಿನ ಒಂದ ಜಾಗಕ್ಕ ಬೀಳ್ತೈತಿ, ಅಲ್ಲೇ ಬುಡದಾಗ ಬೆರಳಿಗೆ ಹೋಗೋ ನರ ಹಾದು ಹೋಗೈತಿ, ದಿನಾ ಒತ್ತಿದ್ರ ಬೆರಳು ಜೋಮು ಹಿಡಿಯೋಕ ಶುರು ಆಗ್ತಾವು. ಅಂಥವ್ರಿಗೆ ಅಡ್ಡ ರೋಲರ್ ಹಿಡಿಕಿ, ಅಂದ್ರ ಲಿವರ್ ತುದಿಗೆ ಅಡ್ಡಕ ಒಂದು ಪಿನ್, ಅದರ ಮ್ಯಾಲೆ ತಿರುಗೋ ಕೊಳವಿ. ನಿಮ್ಮ ಮುಷ್ಟಿ ಗಟ್ಟಿ ಹಿಡಿದಂಗ ಇರ್ತೈತಿ, ತಿರುಗೋ ಕೆಲಸ ಕೊಳವಿ ಮಾಡ್ತೈತಿ.

ಹೊರದೇಶದಾಗ ತಮ್ಮ ಕಾಡತೂಸು ತಾವ ತುಂಬಿಕೊಳ್ಳೋ ಶೂಟಿಂಗ್ ಮಂದಿಗೂ ಇದ ಗುಂಡು-ರೋಲರ್ ಚರ್ಚೆ ಐತಿ, ಒಂದು ಎಳತಕ್ಕ ಒಂದ ಕೆಲಸ ಮಾಡೋ ಸಿಂಗಲ್ ಸ್ಟೇಜ್ ಪ್ರೆಸ್ಸಿನಾಗ ಒಂದೊಂದು ಕಾಡತೂಸಿಗೂ ಲಿವರ್ ಹಲವು ಸರ್ತಿ ಎಳೀಬೇಕಲ್ಲ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದ ಕಾಡತೂಸು ಮಾಡಂಗಿಲ್ಲ, ನಮಗ ಐಲೆಟ್ಟ ಸಾಕು ಬಿಡ್ರಿ.

ಸೈಜ್ ಹೆಂಗ ನೋಡೋದು ಅಂದ್ರ, ಕೊಳವಿ ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳಿಗೆ ಮುಟ್ಟಬೇಕು. ಬಹಳಷ್ಟು ಕೈಗೆ ಅದು 32ರಿಂದ 38 ಎಂಎಂ ಆಗ್ತೈತಿ, ಸಣ್ಣ ಕೈಯಿನವ್ರಿಗೆ 30. ಒಂದ ಪ್ರೆಸ್ಸಿನಾಗ ಗಂಡಸ್ರು ಹೆಂಗಸ್ರು ಇಬ್ಬರೂ ಕೆಲಸ ಮಾಡೋದಿದ್ರ ಸಣ್ಣ ಕೈ ನೋಡಿ ತರ್ರಿ. ಉದ್ದ 110 ಎಂಎಂಗಿಂತ ಕಡಿಮಿ ಇರಬಾರದು, ಗಿಡ್ಡ ಹಿಡಿಕಿಯ ಅಂಚು ಅಂಗೈಯಾಗ ಚುಚ್ಚತೈತಿ.

ಇನ್ನ ಥ್ರೆಡ್, ಅಂದ್ರ ಹಿಡಿಕಿ ಲಿವರಿಗೆ ತಿರುವಿ ಕೂಡಿಸೋ ಹಲ್ಲು. ಇಲ್ಲೇ ಭಾಳ ಮಂದಿ ದುಡ್ಡು ಕಳಕೊಳ್ಳೋದು. ನಮ್ಮ ಹಾರ್ಡವೇರ್ ಅಂಗಡಿಯಾಗ ಅರ್ಧ ಇಂಚು ಅಂದ್ರ ಹಳೇ ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಅಳತಿಯ ಥ್ರೆಡ್) ಸಿಗಬಹುದು, ಇಂಚಿಗೆ 12 ಹಲ್ಲು. ಅಮೆರಿಕನ್ ಅಳತಿಯ ಮಷೀನಿನಾಗ ಅದ ಅರ್ಧ ಇಂಚಿಗೆ 13 ಹಲ್ಲು. ಮೆಟ್ರಿಕ್ ಅಳತಿಯ ಎಂ12 (12 ಎಂಎಂ ದಪ್ಪ) ಆದ್ರ ಪಿಚ್, ಅಂದ್ರ ಒಂದು ಹಲ್ಲಿಂದ ಮುಂದಿನ ಹಲ್ಲಿಗೆ ಅಂತರ, 1.75 ಎಂಎಂ, ಅದೂ ನೋಡೋಕ ಹಂಗ ಕಾಣ್ತೈತಿ. ಎರಡು ಸುತ್ತು ಹೋಗಿ ಬಿಗಿ ಆತಂದ್ರ ಪಾನಾ ಹಾಕಿ ತಿರುವಬ್ಯಾಡ್ರಿ, ಹಲ್ಲು ಸವದು ಹೋಗ್ತಾವು. ಹಳೇ ಹಿಡಿಕಿ ಬಿಚ್ಚಿ ಕಿಸೇದಾಗ ಹಾಕ್ಕೊಂಡ ಹೋಗ್ರಿ, ಗೋಕುಲ ರೋಡ್ ಕಡೆ ಯಾವ ಲೇಥ್ ವರ್ಕ್‌ಶಾಪಿನಾಗ ಆದ್ರೂ ಪಿಚ್ ಗೇಜ್ ಇಟ್ಟು ಹೇಳ್ತಾರ.

ಮೆಟೀರಿಯಲ್ ಬಗ್ಗೆ ಜಾಸ್ತಿ ತಲಿ ಕೆಡಿಸಿಕೊಳ್ಳಬ್ಯಾಡ್ರಿ. ಗುಂಡು ತಗೊಂಡ್ರ ಒಳಗ ಹಿತ್ತಾಳಿ ಬುಶ್ (ತೂತಿನಾಗ ಕೂಡಿಸೋ ಸಣ್ಣ ಕೊಳವಿ) ಇರೋ ಬೇಕಲೈಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿಂದು ನೋಡ್ರಿ. ಬರೇ ಸ್ಟೀಲ್ ಬ್ಯಾಡ, ತಗಡಿನ ಶೆಡ್ಡಿನಾಗ ಮೇ ತಿಂಗಳ ಮಧ್ಯಾಹ್ನ ಅದನ್ನ ಮುಟ್ಟಿ ನೋಡ್ರಿ ಗೊತ್ತಾಗ್ತೈತಿ. ರೋಲರಿಗೆ ನನಗ ಕಟ್ಟಿಗಿನ ಸೇರ್ತೈತಿ. ಕಲಘಟಗಿ ತೊಟ್ಟಿಲ ಮಾಡೋ ಸೀಮಿ ನಮ್ಮದು, ಕಟ್ಟಿಗಿ ಲೇಥಿನಾಗ ಕಡಿಯೋರಿಗೇನ ಬರ ಇಲ್ಲ, ಸಾಗವಾನಿ ತುಂಡು ಕೊಟ್ರ ಕಡದು ನಡುವ ತೂತು ಹಾಕಿ ಕೊಡ್ತಾರ, ಒಳಗ ಹಿತ್ತಾಳಿ ಬುಶ್, ಎರಡೂ ಬದಿಗೆ ವಾಷರ್ ಹಾಕಿಸ್ರಿ. ವಾರ್ನಿಶ್ ಬೆವರಿಗೆ ಜಾರ್ತೈತಿ, ಅದರ ಬದಲಿ ಅಗಸಿ ಎಣ್ಣಿ ತಿಕ್ರಿ. ತಿಕ್ಕಿದ ಅರಬಿ ಮಾತ್ರ ಮುದ್ದಿ ಮಾಡಿ ಮೂಲ್ಯಾಗ ಒಗೀಬ್ಯಾಡ್ರಿ, ಅಗಸಿ ಎಣ್ಣಿ ಅರಬಿ ತಾನ ಕಾವೇರಿ ಬೆಂಕಿ ಹತ್ತತೈತಿ, ಸುತ್ತಲೂ ಪ್ಲಾಸ್ಟಿಕ್ ತಾಡಪತ್ರಿ ಇರೋ ಜಾಗ ಅದು, ಹೊರಗ ಹರವಿ ಒಣಗಸ್ರಿ.

ಲಿವರ್ ಉದ್ದ ಮಾಡಿದ್ರ ಹಗೂರ ಆಗ್ತೈತಿ ಅಂತಾರ, ಖರೇ, ಎರಡು ಪಟ್ಟು ಮಾಡಿದ್ರ ಜೋರು ಅರ್ಧ ಸಾಕು, ಆದ್ರ ಕೈ ಓಡಾಡೋ ದೂರಾನೂ ಎರಡು ಪಟ್ಟು ಆಗಿ ಭುಜ ಮ್ಯಾಲೆ ಎತ್ತಬೇಕಾಗ್ತೈತಿ. ಐಲೆಟ್ ಮುದುಡಿ ಕೂಡೋದು ಕಡೀ ಎಳತದಾಗ, ಜೋರು ಬೇಕಾಗೋದೂ ಅಲ್ಲೇ, ಆ ಹೊತ್ತಿಗೆ ಕೈ ಮೊಣಕೈ ಎತ್ತರಕ್ಕೋ ಚೂರು ಕೆಳಗೋ ಬರೋ ಹಂಗ ಟೇಬಲ್ ಎತ್ತರ ಹೊಂದಿಸಿ, ಪ್ರೆಸ್ಸನ್ನ ಬೋಲ್ಟ್ ಹಾಕಿ ಬಿಗೀರಿ. ಹಿಡಿಕಿ ಕೂಡಿಸಿದ ಮ್ಯಾಲೆ ಬುಡಕ ಲಾಕ್ ನಟ್ ಹಾಕ್ರಿ, ರೋಲರ್ ಪಿನ್ನಿಗೆ ಒಂದೀಟು ಗ್ರೀಸ್ ಹಚ್ಚಿ, ಒಂದು ತಾಡಪತ್ರಿ ಪೂರ್ತಿ ಮುಗಿಸಿ ಅಂಗೈ ನೋಡಿಕೊಳ್ರಿ, ಎಲ್ಲೆರ ಒಂದ ಜಾಗ ಕೆಂಪ ಆಗಿದ್ರ ಹಿಡಿಕಿ ಇನ್ನೂ ನಿಮ್ಮ ಕೈಗೆ ಕೂತಿಲ್ಲ, ಅಲ್ಲಿ ಪಾಲಿಶ್ ಪೇಪರ್ ಹಾಕಿ ಅಂಚು ತಿಕ್ಕಬೇಕು ಇಲ್ಲಾ ಸೈಜ್ ಬದಲಿ ಮಾಡಬೇಕು.