ಪಿಕಪ್‌ಗೆ ಟ್ರ್ಯಾಕ್ಷನ್ ಬಾರ್: ಯಾವುದು ಬೇಕು, ಹೇಗೆ ಕೂರಿಸಬೇಕು

ಟ್ರ್ಯಾಕ್ಷನ್ ಬಾರ್ ಹಾಕಿಕೊಡಿ ಅಂತ ಶಿರಸಿಯ ನಮ್ಮ ಶೆಡ್‌ಗೆ ಬರುವವರಲ್ಲಿ ಜಾಸ್ತಿ ಜನಕ್ಕೆ ಬೇಕಾಗಿರುವುದು ಬಾರ್ ಅಲ್ಲ, ಪಾಟಾವನ್ನು (ಲೀಫ್ ಸ್ಪ್ರಿಂಗ್) ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್. ಹಾಗೆ ಹೇಳಿದರೆ ಕೆಲವರಿಗೆ ಬೇಜಾರು. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಮನಸ್ಸು ಮಾಡಿಕೊಂಡೇ ಬಂದಿರುತ್ತಾರೆ. ಇರಲಿ, ಬಾರ್ ಮಾಡುವ ಕೆಲಸ ಏನು ಅಂತ ಮೊದಲು ನೋಡೋಣ.

ಅಡಿಕೆ ಮೂಟೆ ತುಂಬಿದ ಪಿಕಪ್ಪನ್ನು ದೇವಿಮನೆ ಘಟ್ಟದ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತುತ್ತೀರಿ ಅಂದುಕೊಳ್ಳಿ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸುತ್ತದೆ. ಅದೇ ಬಲ ಹಿಂದಿನ ಆಕ್ಸಲ್ ಹೌಸಿಂಗನ್ನು (ಆಕ್ಸಲ್ಲಿನ ಹೊರಗಿನ ಕವಚ) ಉಲ್ಟಾ ತಿರುಗಿಸಲು ನೋಡುತ್ತದೆ. ಹೌಸಿಂಗನ್ನು ಹಿಡಿದುಕೊಂಡಿರುವುದು ಪಾಟಾ ಮಾತ್ರ. ಹಾಗಾಗಿ ಪಾಟಾದ ಮುಂದಿನ ಅರ್ಧ ಮೇಲಕ್ಕೆ ಉಬ್ಬುತ್ತದೆ, ಹಿಂದಿನ ಅರ್ಧ ಕೆಳಕ್ಕೆ ಬಾಗುತ್ತದೆ, ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಗುಂಡು) ಮೂತಿ ಮೇಲೇಳುತ್ತದೆ. ಟೈರ್ ಒಂದು ಕ್ಷಣ ಹಿಡಿತ ಬಿಟ್ಟರೆ ಪಾಟಾ ಪಟ್ಟಂತ ವಾಪಸ್ ಬರುತ್ತದೆ. ಮತ್ತೆ ಹಿಡಿತ, ಮತ್ತೆ ತಿರುಚು. ಆಗಲೇ ಹಿಂದಿನಿಂದ ಧಡ್ ಧಡ್ ಧಡ್ ಅಂತ ಕೇಳುವುದು. ಏಟು ತಿನ್ನುವುದು ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟ್ ತುದಿಯ ಕೀಲು), ಪಾಟಾದ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್, ಪಾಟಾದ ಮೇನ್ ಲೀಫ್ (ಮುಖ್ಯ ಪಟ್ಟಿ).

ಬಾರ್ ಮಾಡುವುದು ಇಷ್ಟೇ: ಹೌಸಿಂಗ್ ತಿರುಗದ ಹಾಗೆ ಹಿಡಿಯುತ್ತದೆ. ಸವೆದ ಟೈರಿಗೆ ಅದು ಹಿಡಿತ ತಂದುಕೊಡುವುದಿಲ್ಲ. ಜುಲೈ ತಿಂಗಳಲ್ಲಿ ತೋಟದ ಕೆಮ್ಮಣ್ಣಿನ ದಾರಿಯಲ್ಲಿ ಚಕ್ರ ಸುಮ್ನೆ ಸುತ್ತುತ್ತಿದೆ, ಧಡ್ ಧಡ್ ಜಿಗಿತ ಇಲ್ಲ ಅಂದರೆ ನಿಮ್ಮ ದುಡ್ಡು ಟೈರಿಗೆ ಹೋಗಲಿ.

ಪರೀಕ್ಷೆ ಮಾಡುವುದು ಸುಲಭ. ಸ್ವಲ್ಪ ಏರಿರುವ ಖಾಲಿ ಜಾಗ ನೋಡಿ. ಹಿಂದಿನ ಚಕ್ರದ ಪಕ್ಕಕ್ಕೆ ಮೂರ್ನಾಲ್ಕು ಮೀಟರ್ ದೂರದಲ್ಲಿ ಮೊಬೈಲನ್ನು ಕಲ್ಲಿಗೆ ಒರಗಿಸಿ ವಿಡಿಯೋ ಆನ್ ಮಾಡಿ. ಮಾಮೂಲಿ ಲೋಡ್ ಇಟ್ಟು ಫಸ್ಟ್ ಗೇರಿನಲ್ಲಿ ಎತ್ತಿ, ಆಮೇಲೆ ರಿವರ್ಸಿನಲ್ಲೂ ಎತ್ತಿ. ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಬಾರದು. ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದರೆ ಪಾಟಾ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಪಾಟಾ ಅಲ್ಲಾಡದೆ ಇಡೀ ಬಾಡಿ ನಡುಗುತ್ತಿದ್ದರೆ, ಅದೂ ಸಪಾಟು ರಸ್ತೆಯಲ್ಲಿ ಖಾಲಿ ಗಾಡಿಗೆ ಆಗುತ್ತಿದ್ದರೆ, ಅದು ಕ್ಲಚ್ ಇಲ್ಲವೇ ಎಂಜಿನ್ ಮೌಂಟಿಂಗ್ ಕಥೆ.

ಪಾಟಾ ಉಬ್ಬುವುದು ಕಂಡಿತು ಅಂತಲೇ ಇಟ್ಟುಕೊಳ್ಳಿ. ಆದರೂ ಮೊದಲು ಗಾಡಿಯ ಕೆಳಗೆ ಹೋಗಿ. ಯು ಬೋಲ್ಟ್ ನಟ್ಟಿನ ಸುತ್ತ ಕೆಂಪು ಪುಡಿಯ ಗೆರೆ ಇದ್ದರೆ ಅದು ಸಡಿಲವಾಗಿ ಉಜ್ಜಾಡುತ್ತಿದೆ ಅಂತ ಅರ್ಥ. ಪಾಟಾಗಳು ಒಂದರ ಮೇಲೊಂದು ನೇರ ಕೂರದೆ ಅಡ್ಡ ಜಾರಿದ್ದರೆ ಸೆಂಟರ್ ಬೋಲ್ಟ್ ಹೋಗಿದೆ. ಪಾಟಾದ ಮುಂದಿನ ಕಣ್ಣಿನ (ತುದಿಯ ಸುರುಳಿ) ಬುಶ್‌ಗೆ (ಒಳಗಿನ ರಬ್ಬರ್ ಬಳೆ) ಸಬ್ಬಲ್ ಹಾಕಿ ಮೀಟಿ ನೋಡಿ. ಕ್ರಾಸ್ ಹಿಡಿದು ತಿರುಗಿಸಿ, ಆಟ ಇದೆಯಾ ನೋಡಿ. ಎರಡನೇ ಲೀಫ್ ಕಟ್ ಆಗಿದ್ದರೂ ಮೇಲಿಂದ ಗೊತ್ತಾಗುವುದಿಲ್ಲ, ಬ್ರಷ್‌ನಲ್ಲಿ ಮಣ್ಣು ಕೆರೆದು ನೋಡಬೇಕು. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಮೊದಲು ಅದು ಸರಿಯಾಗಲಿ. ಎಷ್ಟೋ ಗಾಡಿಗಳ ಧಡ್ ಧಡ್ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಆಯ್ಕೆ. ಮುಖ್ಯವಾಗಿ ಮೂರು ತರಹದ ಬಾರ್‌ಗಳಿವೆ. ಗೊಂದಲ ಜಾಸ್ತಿ ಇರುವುದು ಇಲ್ಲೇ.

ಒಂದನೆಯದು ಗಿಡ್ಡ ಬಾರ್. ಯು ಬೋಲ್ಟಿನ ಜೊತೆ ಆಕ್ಸಲ್‌ಗೆ ಬಿಗಿಯುತ್ತದೆ, ಮುಂದಿನ ತುದಿಯಲ್ಲಿ ರಬ್ಬರ್ ಗುಬ್ಬಿ. ಹೌಸಿಂಗ್ ತಿರುಗಲು ಹೊರಟರೆ ಗುಬ್ಬಿ ಮೇಲೆದ್ದು ಪಾಟಾದ ಮುಂದಿನ ಕಣ್ಣಿಗೆ ತಾಗಿ ನಿಲ್ಲುತ್ತದೆ. ಅಗ್ಗ, ವೆಲ್ಡಿಂಗ್ ಬೇಡ. ಆದರೆ ಲೋಡ್ ಹೊರುವ ಗಾಡಿಗೆ ಒಂದು ತೊಂದರೆ. ಲೋಡ್ ಬಿದ್ದಾಗ ಆಕ್ಸಲ್ ಚಾಸಿಸ್ (ಗಾಡಿಯ ಅಡಿ ಚೌಕಟ್ಟು) ಕಡೆಗೆ ಏರುತ್ತದೆ, ಅದರ ಜೊತೆ ಬಾರೂ ಏರುತ್ತದೆ, ಗುಬ್ಬಿಯ ಗ್ಯಾಪ್ ಮುಚ್ಚಿಹೋಗುತ್ತದೆ. ಆಮೇಲೆ ಪ್ರತಿ ಗುಂಡಿಗೂ ಗುಬ್ಬಿ ಕುಟ್ಟುತ್ತಲೇ ಇರುತ್ತದೆ. ಇದೇ ಬೇಕು ಅಂದರೆ ಗ್ಯಾಪನ್ನು ಲೋಡ್ ಇಟ್ಟುಕೊಂಡೇ ಅಳೆಯಿರಿ. ಗುಬ್ಬಿ ಸರಿಯಾಗಿ ಕಣ್ಣಿನ ಕೆಳಗೇ ಬರಬೇಕು. ಪಾಟಾದ ನಡುವೆ ತಾಗಿದರೆ ಮೇನ್ ಲೀಫ್ ಅಲ್ಲೇ ಮುರಿಯುತ್ತದೆ.

ಎರಡನೆಯದು ಎರಡೂ ತುದಿಯಲ್ಲಿ ಬುಶ್ ಇರುವ ಉದ್ದ ಪೈಪ್. ಹಿಂದೆ ಆಕ್ಸಲ್ ಕೆಳಗಿನ ಬ್ರ್ಯಾಕೆಟ್ಟಿಗೆ, ಮುಂದೆ ಚಾಸಿಸ್‌ಗೆ. ಎರಡು ಕಡೆಗೂ ಒಂದೊಂದು. ಇಲ್ಲಿ ಉದ್ದವೇ ಮುಖ್ಯ. ಆಕ್ಸಲ್ ಮೇಲೆ ಕೆಳಗೆ ಹೋಗುವಾಗ ಪಾಟಾ ಒಂದು ಕಮಾನಿನಲ್ಲಿ ಎಳೆಯುತ್ತದೆ, ಬಾರ್ ಇನ್ನೊಂದು ಕಮಾನಿನಲ್ಲಿ ತಳ್ಳುತ್ತದೆ. ಎರಡೂ ಹೊಂದದಿದ್ದರೆ ಜಗಳ. ಸಸ್ಪೆನ್ಷನ್ ಮರದ ಹಾಗೆ ಗಟ್ಟಿಯಾಗುತ್ತದೆ, ಕೊನೆಗೆ ಬ್ರ್ಯಾಕೆಟ್ ಸೀಳುತ್ತದೆ. ಪಾಟಾದ ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟ್‌ವರೆಗಿನ ಅಳತೆಗಿಂತ ಗಿಡ್ಡ ಬಾರ್ ತೆಗೆದುಕೊಳ್ಳಲೇಬೇಡಿ. ಲೋಡ್ ಇರುವಾಗ ಬಾರ್ ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿರಲಿ. ಮುಂದಕ್ಕೆ ಎತ್ತುವಾಗ ಈ ಪೈಪಿನ ಮೇಲೆ ಒತ್ತು ಬೀಳುತ್ತದೆ, ಹಿಂದಕ್ಕೆ ಎತ್ತುವಾಗ ಎಳೆತ. ಉದ್ದ ಪೈಪು ಒತ್ತಿಗೆ ಬಾಗುತ್ತದೆ, ಹಾಗಾಗಿ ತೆಳು ನೀರಿನ ಪೈಪ್ ಬೇಡವೇ ಬೇಡ. ದಪ್ಪ ಗೋಡೆಯ ಸೀಮ್‌ಲೆಸ್ ಪೈಪ್ ಇರಲಿ.

ಮೂರನೆಯದು ಒಂದೇ ಬಾರ್, ಡಿಫರೆನ್ಷಿಯಲ್ ಗುಂಡಿನ ಪಕ್ಕದಲ್ಲಿ. ಹಿಂದೆ ಆಕ್ಸಲ್‌ನ ಮೇಲೊಂದು ಕೆಳಗೊಂದು, ಎರಡು ಕಡೆ ಹಿಡಿತ. ಮುಂದೆ ಚಾಸಿಸ್ ಕ್ರಾಸ್ ಮೆಂಬರ್‌ಗೆ (ಅಡ್ಡ ತೊಲೆ) ಶ್ಯಾಕಲ್‌ನಲ್ಲಿ (ಆಡುವ ಕೊಂಡಿ) ನೇತಾಡುತ್ತದೆ. ಶ್ಯಾಕಲ್ ಹಿಂದೆ ಮುಂದೆ ಆಡುತ್ತದೆ, ಹಾಗಾಗಿ ಪಾಟಾದ ಜೊತೆ ಜಗಳ ಇಲ್ಲ. ಮೂತಿ ಮೇಲೇಳುವುದನ್ನು ಮಾತ್ರ ತಡೆಯುತ್ತದೆ. ತೋಟದ ದಾರಿಯಲ್ಲಿ ಒಂದು ಚಕ್ರ ಚರಂಡಿಗೆ, ಇನ್ನೊಂದು ಕಲ್ಲಿನ ಮೇಲೆ ಇದ್ದರೂ ಆಕ್ಸಲ್ ಆರಾಮಾಗಿ ಓರೆಯಾಗುತ್ತದೆ. ನಮ್ಮ ಮಲೆನಾಡಿನ ಕಡೆಯ ದಾರಿಗಳಿಗೆ ನನ್ನ ಓಟು ಇದಕ್ಕೇ. ಕೆಲಸ ಜಾಸ್ತಿ, ಲೇತ್ ಖರ್ಚು ಬೇರೆ, ಆದರೂ ಇದಕ್ಕೇ. ಕುಮಟಾ, ಅಂಕೋಲಾ ಕಡೆ ಹೈವೇಯಲ್ಲೇ ಓಡುವ ಗಾಡಿಗೆ ಎರಡನೆಯದು ಸಾಕು.

ತುದಿಗೆ ಕಬ್ಬಿಣದ ಗುಂಡು ಜಾಯಿಂಟ್ ಬೇಕಾ ಬುಶ್ ಬೇಕಾ ಅಂತ ಕೇಳುತ್ತಾರೆ. ಬುಶ್ ಹಾಕಿ. ಗುಂಡು ಜಾಯಿಂಟ್ ನೋಡಲು ಚೆಂದ, ಆದರೆ ಒಂದು ಮಳೆಗಾಲದ ಕೆಸರು ಒಳಗೆ ಹೋದರೆ ಕಟಕಟ ಶುರು.

ಈಗ ಕೂರಿಸುವ ಕೆಲಸ. ಸಪಾಟು ಕಾಂಕ್ರೀಟ್ ನೆಲ ಬೇಕು. ಮುಂದಿನ ಚಕ್ರ ಉರುಳದ ಹಾಗೆ ಅಡ್ಡ ಕೊಡಿ. ಎತ್ತುವುದಾದರೆ ಸ್ಟ್ಯಾಂಡನ್ನು ಆಕ್ಸಲ್ ಕೆಳಗೇ ಇಡಿ, ಚಾಸಿಸ್ ಕೆಳಗಲ್ಲ. ಗಾಡಿಯ ಭಾರ ಪಾಟಾದ ಮೇಲೇ ಇರಬೇಕು, ಆಕ್ಸಲ್ ನೇತಾಡಿದರೆ ಎಲ್ಲಾ ಅಳತೆ ತಪ್ಪುತ್ತದೆ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಶುರು ಮಾಡುವ ಮುಂಚೆ ಡಿಫರೆನ್ಷಿಯಲ್ ಮೂತಿ ಎಷ್ಟು ಡಿಗ್ರಿ ಇದೆ ಅಂತ ಅಳೆದು ಸೀಮೆಸುಣ್ಣದಲ್ಲಿ ಚಾಸಿಸ್ ಮೇಲೆ ಬರೆದಿಡಿ. ಮೊಬೈಲ್‌ನ ಲೆವೆಲ್ ಆಪ್ ಸಾಕು. ಕೆಲಸ ಮುಗಿದ ಮೇಲೂ ಅಷ್ಟೇ ಡಿಗ್ರಿ ಇರಬೇಕು.

ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್, ಡೀಸೆಲ್ ಲೈನ್, ಸೈಲೆನ್ಸರ್ ಎಲ್ಲಿ ಹೋಗುತ್ತವೆ ನೋಡಿ. ಕೆಲವು ಪಿಕಪ್‌ಗಳಲ್ಲಿ ಆಕ್ಸಲ್‌ನಿಂದ ಒಂದು ಸಣ್ಣ ರಾಡ್ ಬ್ರೇಕ್ ವಾಲ್ವಿಗೆ ಹೋಗಿರುತ್ತದೆ. ಲೋಡಿಗೆ ತಕ್ಕ ಹಾಗೆ ಹಿಂದಿನ ಬ್ರೇಕ್ ಬಲ ಹೆಚ್ಚುಕಮ್ಮಿ ಮಾಡುವುದು ಅದೇ. ಅದಕ್ಕೆ ಬಾರ್ ತಾಗಲೇಬಾರದು.

ಚಾಸಿಸ್‌ಗೆ ತೂತು ಕೊರೆಯುವುದಾದರೆ ನಿಂತ ಗೋಡೆಯ ನಡುವೆ ಕೊರೆಯಿರಿ. ಮೇಲಿನ ಕೆಳಗಿನ ಮಡಿಕೆಯಲ್ಲಿ ಬೇಡ, ಬಿರುಕು ಶುರುವಾಗುವುದೇ ಅಲ್ಲಿ. ಬ್ರ್ಯಾಕೆಟ್ಟಿಗೆ ಒಳಗಡೆಯಿಂದ ಪ್ಲೇಟ್ ಕೊಟ್ಟು 10.9 ಗ್ರೇಡ್ ಬೋಲ್ಟ್ ಹಾಕಿ. ಆಕ್ಸಲ್ ಟ್ಯೂಬಿಗೆ ವೆಲ್ಡ್ ಮಾಡುವುದನ್ನು ಆದಷ್ಟು ತಪ್ಪಿಸಿ, ಯು ಬೋಲ್ಟ್ ಪ್ಲೇಟಿಗೇ ಬ್ರ್ಯಾಕೆಟ್ ಮಾಡಿಸಿ. ವೆಲ್ಡ್ ಮಾಡಲೇಬೇಕಾದರೆ ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಎಂಜಿನ್ ಕಂಪ್ಯೂಟರಿನ ಕನೆಕ್ಟರ್ ಕಳಚಿ, ಅರ್ತ್ ಕ್ಲಿಪ್ಪನ್ನು ವೆಲ್ಡ್ ಮಾಡುವ ತುಂಡಿನ ಹತ್ತಿರವೇ ಹಾಕಿ. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ಟ್ಯೂಬ್ ಸೊಟ್ಟಗಾಗುತ್ತದೆ. ಸ್ವಲ್ಪ ಸ್ವಲ್ಪವೇ, ಈ ಕಡೆ ಒಂದಿಂಚು, ಆ ಕಡೆ ಒಂದಿಂಚು. 7018 ವೆಲ್ಡಿಂಗ್ ರಾಡ್ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಶಿರಸಿಯ ಗಾಳಿಗೆ ರಾಡ್ ತೇವ ಎಳೆದುಕೊಳ್ಳುತ್ತದೆ. ರಾಡ್ ಓವನ್‌ನಲ್ಲಿ ಒಣಗಿಸಿದ ರಾಡೇ ಬೇಕು. ತೇವದ ರಾಡಿನ ವೆಲ್ಡ್ ಮೇಲೆ ಚೆನ್ನಾಗಿ ಕಂಡು ಒಳಗೆ ಬಿರುಕು ಬಿಡುತ್ತದೆ.

ಬಾರಿನ ಉದ್ದ ಹೊಂದಿಸುವಾಗ ಒಂದೇ ಗುರುತು: ಕೊನೆಯ ಬೋಲ್ಟ್ ಬೆರಳಲ್ಲಿ ದೂಡಿದರೆ ಒಳಗೆ ಹೋಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಉದ್ದ ಸರಿ ಇಲ್ಲ. ಬುಶ್ ಬೋಲ್ಟುಗಳ ಕೊನೆಯ ಬಿಗಿ ಗಾಡಿ ಚಕ್ರದ ಮೇಲೆ ನಿಂತಾಗ ಮಾತ್ರ. ನೇತಾಡುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು ಬೋಲ್ಟ್ ಬಿಚ್ಚಿದ್ದರೆ ಹೊಸದೇ ಹಾಕಿ, ಕಂಪನಿ ಪುಸ್ತಕದಲ್ಲಿರುವ ಟಾರ್ಕಿಗೆ (ಬಿಗಿಯ ಅಳತೆ) ಮೂಲೆಯಿಂದ ಮೂಲೆಗೆ ಬಿಗಿಯುತ್ತಾ ಬನ್ನಿ.

ಆಮೇಲೆ ಎರಡು ಸಲ ಕೆಳಗೆ ಹೋಗಿ ನೋಡಬೇಕು. ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ಇಳಿಬಿಟ್ಟು ಒಮ್ಮೆ, ಪೂರ್ತಿ ಲೋಡ್ ಹಾಕಿ ಒಮ್ಮೆ. ಪ್ರೊಪೆಲ್ಲರ್ ಶಾಫ್ಟಿಗೆ, ಬ್ರೇಕ್ ಹೋಸಿಗೆ ಜಾಗ ಇರಬೇಕು. ಶ್ಯಾಕಲ್ ಆ ಕಡೆಗೋ ಈ ಕಡೆಗೋ ಪೂರ್ತಿ ಮಲಗಬಾರದು.

ಕಾಗದದ ವಿಷಯ ಚಿಕ್ಕದಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸ ಬರುವಂಥ ಬದಲಾವಣೆಗೆ ತಡೆ ಹಾಕಿದೆ. ಹಳದಿ ಬೋರ್ಡ್ ಗಾಡಿ ಫಿಟ್‌ನೆಸ್‌ಗೆ ಹೋಗಲೇಬೇಕಲ್ವಾ. ಕೆಎ 31 (ಶಿರಸಿ) ಇರಲಿ ಕೆಎ 30 (ಕಾರವಾರ) ಇರಲಿ, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು, ಇನ್ಶೂರೆನ್ಸ್‌ನವರಿಗೂ ತಿಳಿಸಿ. ವಾರಂಟಿ ಇರುವ ಗಾಡಿಗೆ ನಾನಂತೂ ಕೈ ಹಾಕುವುದಿಲ್ಲ.

ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಟಾರ್ಕ್ ಮಾಡಿ, ಐನೂರಕ್ಕೆ ಇನ್ನೊಮ್ಮೆ. ಬಿಗಿದ ನಟ್ಟಿಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದರೆ ಸಡಿಲವಾದದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾರವಾರದ ಬೈತಖೋಲ್ ಬಂದರಿನಿಂದ ಮೀನು ಸಾಗಿಸುವ ಗಾಡಿಗಳದ್ದು ಬೇರೆಯೇ ಪಾಡು. ಟ್ರೇಯಿಂದ ಉಪ್ಪುನೀರು ಸೋರಿ ನೇರ ಪಾಟಾದ ಮೇಲೆ ಬೀಳುತ್ತದೆ. ಅಂಥ ಗಾಡಿಯ ಬ್ರ್ಯಾಕೆಟ್ಟಿಗೆ ಜಿಂಕ್ ಪ್ರೈಮರ್ ಎರಡು ಕೋಟ್ ಹೊಡೆದು, ಪೈಪಿನ ಎರಡೂ ಬಾಯಿ ಮುಚ್ಚಿಸಿ. ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಕೆಳಗಿಂದ ತೊಳೆದು, ಬುಶ್ ಬೋಲ್ಟಿಗೆ ಗ್ರೀಸ್ ನಿಪ್ಪಲ್ ಇದ್ದರೆ ಹಳೇ ಗ್ರೀಸ್ ಹೊರಗೆ ಬರುವ ತನಕ ಗನ್ ಒತ್ತಿ.