ಮಳೆಗಾಲ ದಾಟಿದ ನನ್ನ ಗೀಗರ್ ಕೌಂಟರ್

ಮಲೆನಾಡಿನ ಮಳೆಯಲ್ಲಿ ಅಗ್ಗದ ಗೀಗರ್ ಟ್ಯೂಬ್ (ವಿಕಿರಣ ತಾಗಿದಾಗಲೆಲ್ಲ ಒಂದು ಮಿಡಿತ ಕೊಡುವ ಕೊಳವೆ) ಇಟ್ಟುಕೊಂಡು ವರ್ಷವಿಡೀ ವಿಕಿರಣ ಅಳೆಯಲು ಆಗುವುದಿಲ್ಲ ಎಂದವರೇ ಜಾಸ್ತಿ. ಈಗ ಎರಡನೇ ಮಳೆಗಾಲವೂ ಮುಗಿದಿದೆ. ನನ್ನ ಕೌಂಟರ್ ಓಡುತ್ತಲೇ ಇದೆ.

ನಮ್ಮ ಮನೆ ಯಲ್ಲಾಪುರದ ಕಡೆ. ಕೈಗಾ ಪರಮಾಣು ವಿದ್ಯುತ್ ಸ್ಥಾವರ ದೂರವಲ್ಲ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, 700ರ ಇನ್ನೆರಡು ಬರಲಿವೆ. ಊರಲ್ಲಿ ಮಾತು ಶುರುವಾದರೆ ಒಬ್ಬರು 1994ರಲ್ಲಿ ಕಟ್ಟುವಾಗಲೇ ಕಳಚಿ ಬಿದ್ದ ಗುಮ್ಮಟದ ಕಾಂಕ್ರೀಟ್ ನೆನಪಿಸುತ್ತಾರೆ. ಇನ್ನೊಬ್ಬರು ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿದ್ದನ್ನು ಹೇಳುತ್ತಾರೆ. ಎರಡೂ ನಿಜ. ಆದರೆ ನಮ್ಮ ಅಂಗಳದಲ್ಲಿ ಮಾಮೂಲಿ ದಿನ ವಿಕಿರಣ ಎಷ್ಟಿರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೈಗಾದ ಪರಿಸರ ಪ್ರಯೋಗಾಲಯದವರು ಅಳೆಯುತ್ತಾರೆ, ಸರಿ. ಹೊಸ ಘಟಕ ಓಡುವ ಮೊದಲಿನ ಲೆಕ್ಕ ನಮ್ಮ ಕೈಯಲ್ಲೂ ಇರಬೇಕು ಅಲ್ವಾ?

ನನ್ನ ಪೆಟ್ಟಿಗೆಯಲ್ಲಿರುವುದು ಎಸ್‌ಬಿಎಂ-20 ಎಂಬ ಗೀಗರ್ ಟ್ಯೂಬ್, ಅದಕ್ಕೆ ಬೇಕಾದ 400 ವೋಲ್ಟ್ ಕೊಡುವ ಬೂಸ್ಟ್ ಬೋರ್ಡ್, ಮಿಡಿತ ಎಣಿಸುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಲೆಕ್ಕ ಉಳಿಸಿಡುವ ಎಸ್‌ಡಿ ಕಾರ್ಡ್. ಬೇಸಿಗೆಯಲ್ಲಿ ನಿಮಿಷಕ್ಕೆ 20ರ ಆಸುಪಾಸು ಮಿಡಿತ ಬರುತ್ತಿತ್ತು. ಜೂನ್ ಬಂತು, ಲೆಕ್ಕ ಒಮ್ಮೆಲೇ ನೂರು ದಾಟಿತು. ಮರುದಿನ ಸೊನ್ನೆ. "ಟ್ಯೂಬ್ ಹೋಯ್ತು ಮಾರಾಯ, ಬೇರೆ ಹಾಕು" ಎಂದ ರಿಪೇರಿ ಅಂಗಡಿಯ ಗೆಳೆಯ. ಎರಡು ಸಾವಿರದಷ್ಟು ಕೊಟ್ಟು ಬೇರೆ ತಂದೆ. ಅದೇ ಕಥೆ.

ಟ್ಯೂಬಿನ ತಪ್ಪಲ್ಲ, ತೇವದ್ದು. ಬೋರ್ಡಿನ ಮೇಲೆ ಕೂತ ಪಸೆಯಲ್ಲಿ 400 ವೋಲ್ಟ್ ಸೋರುತ್ತಿತ್ತು. ಸುಮ್ನೆ ಮಲ್ಟಿಮೀಟರ್ ಹಚ್ಚಿದರೆ ಇದು ಗೊತ್ತಾಗುವುದಿಲ್ಲ, ಮೀಟರೇ ವೋಲ್ಟೇಜ್ ಎಳೆದು ಹಾಕುತ್ತದೆ. ಆ ಎಳೆತ ತಗ್ಗಿಸಲು ಒಂದು ಗಿಗಾ ಓಮ್ (ನೂರು ಕೋಟಿ ಓಮ್) ಆಗುವಷ್ಟು ರೆಸಿಸ್ಟರ್ ಸಾಲಾಗಿ ಬೆಸೆದು ಅಳೆದಾಗ 300 ವೋಲ್ಟಿಗಿಂತ ಕೆಳಗಿತ್ತು. ಅಷ್ಟರಲ್ಲಿ ಈ ಟ್ಯೂಬ್ ಸರಿಯಾಗಿ ಎಣಿಸುವುದಿಲ್ಲ.

ತೇವ ಹೀರುವ ಸಿಲಿಕಾ ಜೆಲ್ ಹಾಕಿ ನೋಡಿದೆ, ವಾರದೊಳಗೆ ನೀರು ಕುಡಿದು ಕೂತಿತು. ಡಬ್ಬಕ್ಕೆ ಪೂರ್ತಿ ಅಂಟು ಹಾಕಿ ಮುಚ್ಚಿದೆ, ಒಳಗೇ ಬೆವರಿತು. ಕೊನೆಗೆ ಮೂರು ಕೆಲಸ ಒಟ್ಟಿಗೆ ಮಾಡಿದೆ. ಸೋರುವ ದಾರಿ ಕಡಿಯಲು ಹೈವೋಲ್ಟೇಜ್ ಹಾದಿಯ ನಡುವೆ ಬೋರ್ಡಿಗೆ ಗರಗಸದಲ್ಲಿ ಸೀಳು ಹಾಕಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಒಣಗಿಸಿ, ತೇವ ತಡೆಯುವ ಲೇಪ ಕೊಟ್ಟೆ. ಡಬ್ಬದೊಳಗೆ ಒಂದು ರೆಸಿಸ್ಟರ್ ಸದಾ ಬಿಸಿಯಾಗಿರುವಂತೆ ಮಾಡಿದೆ. ಒಳಗೆ ಎರಡು ಮೂರು ಡಿಗ್ರಿ ಜಾಸ್ತಿ ಇದ್ದರೆ ಪಸೆ ಕೂರುವುದಿಲ್ಲ. ಲೇಪ ಯಾವುದು, ಎಷ್ಟು ಸಲ ಎಂಬುದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಒಟ್ಟು ಖರ್ಚು ಒಂಬತ್ತು ಸಾವಿರದಷ್ಟಾಗಿರಬೇಕು, ಅದರಲ್ಲಿ ಅರ್ಧ ನೀರುಪಾಲು.

ನಿಜವಾದ ಖುಷಿ ಸಿಕ್ಕಿದ್ದು ಆಮೇಲೆ. ಬಿಸಿಲಿನ ದಿನಗಳ ನಂತರ ಜೋರು ಮಳೆ ಬಂದಾಗ ಲೆಕ್ಕ 30ರ ಹತ್ತಿರ ಏರಿತು. ಪಕ್ಕದ ಮನೆಯ ಅಣ್ಣ ಗ್ರಾಫ್ ನೋಡಿ "ಕೈಗಾದಲ್ಲಿ ಏನೋ ಆಗಿದೆ" ಎಂದರು. ನಾನು ಸ್ಕೂಟರ್ ಸೀಟಿನ ಮಳೆನೀರನ್ನು ಟಿಶ್ಯೂ ಕಾಗದದಲ್ಲಿ ಒರೆಸಿ ಟ್ಯೂಬಿಗೆ ಹಿಡಿದು ತೋರಿಸಿದೆ. ಹೆಚ್ಚಾದ ಲೆಕ್ಕ ಸುಮಾರು ಅರ್ಧ ಗಂಟೆಗೆ ಅರ್ಧವಾಯಿತು, ಮತ್ತರ್ಧ ಗಂಟೆಗೆ ಕಾಲು. ಇಷ್ಟು ಬೇಗ ಕರಗುವುದು ನೆಲದಿಂದ ಬರುವ ರೇಡಾನ್ ಎಂಬ ವಿಕಿರಣಶೀಲ ಅನಿಲದ ಮಕ್ಕಳು, ಅಂದರೆ ಅದು ಒಡೆದಾಗ ಹುಟ್ಟುವ ಸೀಸ-214 ಮತ್ತು ಬಿಸ್ಮತ್-214. ಗಾಳಿಯಲ್ಲಿದ್ದದ್ದನ್ನು ಮಳೆ ತೊಳೆದು ತರುತ್ತದೆ. ಪರಮಾಣು ಸ್ಥಾವರ ಹುಟ್ಟುವ ಮೊದಲೂ ಹೀಗೇ ಇತ್ತು. ಹಳೆಯ ದಾಖಲೆ ಇಲ್ಲದಿದ್ದರೆ ಪ್ರತಿ ಮಳೆಗೂ ಒಂದು ಗಾಳಿಸುದ್ದಿ ಹುಟ್ಟುತ್ತದೆ. ಅಡಿಕೆ ತೋಟಕ್ಕೆ ತಂದ ಪೊಟ್ಯಾಷ್ ಚೀಲದ ಮೇಲೂ ಟ್ಯೂಬ್ ಇಟ್ಟೆ. ಅಲ್ಲೂ ಏರಿತು, ಅದರಲ್ಲಿ ಸಹಜವಾಗೇ ವಿಕಿರಣ ಸೂಸುವ ಪೊಟ್ಯಾಸಿಯಂ-40 ಇದೆಯಲ್ಲ.

ನಿಮಿಷದ ಲೆಕ್ಕ ನಂಬಬೇಡಿ. 20ರಲ್ಲಿ ನಾಲ್ಕೈದು ಆಚೀಚೆ ಸಹಜ. ನಾನು ಗಂಟೆಯ ಸರಾಸರಿ ಮಾತ್ರ ಇಡುತ್ತೇನೆ, ಏರುಪೇರು ಶೇ. 3ಕ್ಕೆ ಇಳಿಯುತ್ತದೆ.

ಈ ಪೆಟ್ಟಿಗೆಗೆ ಕಾಣದ್ದೂ ಇದೆ. ಊರವರಿಗೆ ಅದನ್ನೇ ಮೊದಲು ಹೇಳುತ್ತೇನೆ. ಕೈಗಾದ್ದು ಭಾರಜಲದ ರಿಯಾಕ್ಟರ್, ಅದರಲ್ಲಿ ಟ್ರಿಷಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ಅದರ ಬೀಟಾ ಕಣ ಎಷ್ಟು ದುರ್ಬಲ ಎಂದರೆ ಈ ಟ್ಯೂಬಿನ ಉಕ್ಕಿನ ಗೋಡೆ ದಾಟುವುದಿಲ್ಲ. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಷಿಯಂ ಸಿಕ್ಕಿತಲ್ಲ, ಆ ಕೂಲರಿನ ಪಕ್ಕದಲ್ಲೇ ಇಟ್ಟಿದ್ದರೂ ನನ್ನ ಕೌಂಟರ್ ಮಾತಾಡುತ್ತಿರಲಿಲ್ಲ. ಟ್ರಿಷಿಯಂ ಅಳೆಯಲು ಬೇಕಾದ ಲಿಕ್ವಿಡ್ ಸಿಂಟಿಲೇಶನ್ ಕೌಂಟರಿಗೆ (ನೀರಿನ ಮಾದರಿಯನ್ನು ಮಿನುಗುವ ದ್ರವದಲ್ಲಿ ಬೆರೆಸಿ ಅಳೆಯುವ ಯಂತ್ರ) ಲಕ್ಷಗಟ್ಟಲೆ ಬೇಕು. ನೀರಿನ ಪರೀಕ್ಷೆಯ ಅಂಕಿಗಳನ್ನು ಪಂಚಾಯಿತಿ ಕೇಳಿ ಪಡೆಯಬೇಕು, ನಾನು ಅದನ್ನು ಗ್ರಾಮಸಭೆಯಲ್ಲಿ ಎತ್ತಿದ್ದೇನೆ.

ಮುಂದಿನ ಪೆಟ್ಟಿಗೆ ಕೈಗಾ ಹತ್ತಿರದ ಕದ್ರಾ ಕಡೆ ಇಡುವ ಯೋಚನೆ ಇದೆ. ಪ್ರೋಗ್ರಾಂ ಬೇಕಾದವರಿಗೆ ಕೊಡುತ್ತೇನೆ. ಲೇಪದ ಗುಟ್ಟು ಮಾತ್ರ ಇನ್ನೊಂದು ಮಳೆಗಾಲ ಕಳೆದ ಮೇಲೆ.