ಹಳೆಯ ಕಾರನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆ

ಹಳೆಯ ಕಾರಿನ ಬಾನೆಟ್ ಎತ್ತಿದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್, ಬೆಲ್ಟುಗಳೆಲ್ಲ ಕಣ್ಣಿಗೆ ಕಾಣುತ್ತವೆ, ಕೈಗೂ ಎಟಕುತ್ತವೆ. 1948ರಲ್ಲಿ ಬಂದ ಮಾರಿಸ್ ಮೈನರ್ ಆಗಲಿ, 2003ರವರೆಗೆ ತಯಾರಾಗಿ ಎರಡು ಕೋಟಿ ಹತ್ತು ಲಕ್ಷದ ಗಡಿ ದಾಟಿದ ಫೋಕ್ಸ್‌ವ್ಯಾಗನ್ ಬೀಟಲ್ ಆಗಲಿ, ಇಂದಿಗೂ ಜನರನ್ನು ಸೆಳೆಯುವುದಕ್ಕೆ ಅವುಗಳ ಆಕಾರದಷ್ಟೇ ಈ ಬಿಚ್ಚುಮನಸ್ಸಿನ ಯಂತ್ರರಚನೆಯೂ ಕಾರಣವೆಂದು ನನಗೆ ತೋರುತ್ತದೆ. ಮಾಲೀಕನೇ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಬಹುದಾದ ಕಾರು ಅದು.

ಇಂಥ ಕಾರು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಹದಿನೈದು ದಿನಕ್ಕೊಮ್ಮೆಯಾದರೂ, ಎಂಜಿನ್ ಆಯಿಲ್ ಚೆನ್ನಾಗಿ ಬಿಸಿಯಾಗುವಷ್ಟು ದೂರ, ಅಂದರೆ ಸುಮಾರು ಅರ್ಧ ಗಂಟೆ, ಓಡಿಸಬೇಕು. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ರೂಢಿ ಹಲವರಿಗಿದೆ. ಇದಕ್ಕಿಂತ ಸುಮ್ಮನೆ ಬಿಡುವುದೇ ಮೇಲು. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಸೈಲೆನ್ಸರಿನಲ್ಲಿಯೂ ಆಯಿಲಿನಲ್ಲಿಯೂ ನೀರಾಗಿ ಉಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ.

ಹೊರಗಿನ ನೀರೂ ಅಷ್ಟೇ ಅಪಾಯಕಾರಿ. ತಿಂಗಳಿಗೊಮ್ಮೆ ನೆಲದ ಕಾರ್ಪೆಟ್ ಎತ್ತಿ ಅಡಿಯಲ್ಲಿ ಕೈಯಾಡಿಸಿ ತೇವವಿದೆಯೇ ನೋಡಬೇಕು. ನೀರು ಹರಿದುಹೋಗಲೆಂದು ಬಾಗಿಲಿನ ಕೆಳ ಅಂಚಿನಲ್ಲಿರುವ ಸಣ್ಣ ರಂಧ್ರಗಳಲ್ಲಿ ಧೂಳು ಕಟ್ಟಿಕೊಂಡಿದ್ದರೆ ತಂತಿಯಿಂದ ಬಿಡಿಸಬೇಕು. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಗಾಳಿಯಾಡುವ ಬಟ್ಟೆಯನ್ನೇ ಬಳಸಬೇಕು. ಕಾರನ್ನು ಇನ್ನೂ ಕೊಳ್ಳುವುದಿದ್ದರೆ ಚಿಕ್ಕ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ: ಕಾರಿನ ಉಕ್ಕಿನ ಹೊರಮೈಗೆ ಅದು ಅಂಟದ ಕಡೆ ಬಣ್ಣದಡಿ ದಪ್ಪ ಪುಟ್ಟಿ ತುಂಬಿರುವ ಸಾಧ್ಯತೆ ಹೆಚ್ಚು.

ಎಂಜಿನ್ ತಡವರಿಸಿದರೆ ಬಹಳ ಮಂದಿ ಮೊದಲು ಕಾರ್ಬುರೇಟರಿಗೆ ಕೈ ಹಾಕುತ್ತಾರೆ. ಆದರೆ ಎಷ್ಟೋ ಬಾರಿ ದೋಷ ಇರುವುದು ಡಿಸ್ಟ್ರಿಬ್ಯೂಟರಿನ ಕಾಂಟ್ಯಾಕ್ಟ್ ಪಾಯಿಂಟಿನಲ್ಲಿ, ಅಂದರೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚಿನಲ್ಲಿ. ಇಗ್ನಿಷನ್ ಆಫ್ ಮಾಡಿ, ಕ್ಯಾಪ್ ತೆಗೆದು, ಪಾಯಿಂಟ್ ಅತಿ ಹೆಚ್ಚು ತೆರೆದುಕೊಳ್ಳುವವರೆಗೆ ಎಂಜಿನ್ನನ್ನು ಕೈಯಿಂದ ತಿರುಗಿಸಿ, ನಡುವಿನ ಸಂದಿಗೆ ಫೀಲರ್ ಗೇಜಿನ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳ ಸಾಧನ) ಪಟ್ಟಿಯನ್ನು ತೂರಿಸಬೇಕು. ಅನೇಕ ಕಾರುಗಳಲ್ಲಿ ಈ ಸಂದಿ ಸುಮಾರು 0.4 ಮಿಲಿಮೀಟರ್, ನಿಮ್ಮ ಕಾರಿನ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಪಟ್ಟಿ ಸಡಿಲವಾಗಿ ಜಾರಬಾರದು, ಸಿಕ್ಕಿಹಾಕಿಕೊಳ್ಳಲೂಬಾರದು; ಎಳೆದಾಗ ಬೆರಳಿಗೆ ತುಸು ಹಿಡಿತ ಗೊತ್ತಾಗಬೇಕು. ಪಾಯಿಂಟಿನ ಸ್ಕ್ರೂ ಸಡಿಲಿಸಿ ಸಂದಿ ಸರಿಪಡಿಸಿ ಮತ್ತೆ ಬಿಗಿ ಮಾಡುವಾಗ ಅಳತೆ ಕದಲುವುದು ಸಾಮಾನ್ಯವಾದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಸಂದಿ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಕೂಡ ಬದಲಾಗುತ್ತದೆ, ಅದನ್ನೂ ಪರೀಕ್ಷಿಸದೆ ಕೆಲಸ ಮುಗಿಯಿತೆನ್ನುವಂತಿಲ್ಲ.

ಇಂಧನದಲ್ಲಿ ಎಥೆನಾಲ್ ಬೆರೆತಿದ್ದರೆ ಅದು ನೀರನ್ನು ಹೀರಿಕೊಳ್ಳುವುದಲ್ಲದೆ ಹಳೆಯ ಕಾಲದ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ ಅಥವಾ ಬಿರಿಯುವಂತೆ ಮಾಡುತ್ತದೆ. ಬೆಂಕಿಯ ಭಯವಿರುವುದರಿಂದ ಎಥೆನಾಲ್ ತಡೆದುಕೊಳ್ಳುವ ಪೈಪುಗಳನ್ನು ಹಾಕಿಸುವುದನ್ನು ಮುಂದೂಡಬೇಡಿ. ಎಂಜಿನ್ ಆಯಿಲಿನ ವಿಷಯದಲ್ಲಿ ದುಬಾರಿಯೆಲ್ಲ ಒಳ್ಳೆಯದೆಂಬ ಭ್ರಮೆ ಬೇಡ: ಚಪ್ಪಟೆ ಟ್ಯಾಪೆಟ್ ಇರುವ ಹಳೆಯ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಈ ಟ್ಯಾಪೆಟ್ಟುಗಳಿಗೆ ಉಜ್ಜಿ ಸವೆಯದಿರಲು ಬೇಕಾದ ಸತು ಮತ್ತು ರಂಜಕದ ಅಂಶ ಅನೇಕ ಹೊಸ ಆಯಿಲುಗಳಲ್ಲಿ ಕಡಿಮೆ.

ಬ್ರೇಕ್ ಮತ್ತು ಟೈರುಗಳಲ್ಲಿ ಮಾತ್ರ ಹಳೆಯದರ ಮೋಹ ಸಲ್ಲದು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ. ಆಮೇಲೆ ಅದು ಕಡಿಮೆ ಬಿಸಿಗೇ ಕುದಿಯುವುದರಿಂದ, ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಪೆಡಲ್ ಕುಸಿಯಬಹುದು. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಾಯಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಹತ್ತು ವರ್ಷ ದಾಟಿದ್ದರೆ, ರಸ್ತೆಗೆ ತಾಗುವ ಮೇಲ್ಮೈಯ ಅಚ್ಚುಗೀರುಗಳು ಸವೆಯದೆ ಎಷ್ಟೇ ಆಳವಾಗಿ ಉಳಿದಿರಲಿ, ಬದಲಾಯಿಸಿಬಿಡಿ.

ಕೆಲವು ತಿಂಗಳು ನಿಲ್ಲಿಸಲೇಬೇಕಾದಾಗ ಟೈರುಗಳಿಗೆ ಗಾಳಿ ತುಂಬಿ, ಬ್ಯಾಟರಿಯ ತಂತಿ ಬಿಡಿಸಿ, ಚಕ್ರಗಳಿಗೆ ಮರದ ತುಂಡು ಒತ್ತುಕೊಟ್ಟು ಹ್ಯಾಂಡ್‌ಬ್ರೇಕನ್ನು ಬಿಟ್ಟಿಡಿ. ಎಳೆದಿಟ್ಟರೆ ಬ್ರೇಕಿನ ಲೈನರು ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಕಚ್ಚಿಕೊಂಡೀತು. ಬದಲಾಯಿಸಿದ ಮೂಲ ಬಿಡಿಭಾಗಗಳನ್ನು ಗುಜರಿಗೆ ಹಾಕದೆ, ಒಂದೊಂದಕ್ಕೂ ಹೆಸರು ಮತ್ತು ದಿನಾಂಕ ಬರೆದ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಅಂಗಡಿಯಲ್ಲಿ ತಂದ ಹೊಸದು ಸರಿಹೊಂದದ ದಿನ ಅಳತೆಗೆ ಬೇಕಾಗುವುದು ಅದೇ ಹಳೆಯ ತುಂಡು.